ಸಾಬಣ್ಣ ಸತ್ತ ಜಿಲ್ಲೆ

"ಲೇಟ್. ಸೀಧಾ ಲೇಟ್, ಭೋಸಡಿಕೆ."

ಹವಾಲ್ದಾರ ಲಾಠಿಯ ತುದಿಯಿಂದ ನನ್ನ ಮೊಣಕಾಲಿನ ಹಿಂದೆ ಒತ್ತಿದ. ನಾನು ಕುಸಿದೆ, ಕೂತೆ, ಆಮೇಲೆ ಮಲಗಿದೆ. ಮೇ ತಿಂಗಳ ಹತ್ತು ಗಂಟೆಯ ಮಣ್ಣು ಅಂಗಿಯ ಮೂಲಕವೇ ಬೆನ್ನನ್ನು ಕಚ್ಚಿತು.

"ಮುಂಡೀ ಕಿಧರ್ ಥಾ ಉಸ್‌ಕಾ?"

"ನಾಲೇ ಕೀ ತರಫ್, ಸಾಬ್."

"ತೋ ಘೂಮ್ ನಾ. ಮುಂಡೀ ಉಧರ್ ಕರ್."

ಮಲಗಿದಲ್ಲೇ ತಿರುಗಿ ತಲೆಯನ್ನು ನಾಲಾ ಕಡೆ ಮಾಡಿದೆ. ಹವಾಲ್ದಾರ ಡಬ್ಬಿಯಿಂದ ಸುಣ್ಣದ ಪುಡಿ ತೆಗೆದು ನನ್ನ ತಲೆಯ ಸುತ್ತ, ಭುಜದ ಸುತ್ತ ಗೆರೆ ಎಳೆಯತೊಡಗಿದ. ಪುಡಿ ಕಿವಿಗೆ ಬಿತ್ತು, ಕಣ್ಣಿಗೆ ಬಿತ್ತು. ಕೈ ಎತ್ತಿ ಕಣ್ಣು ಉಜ್ಜಿಕೊಂಡೆ.

"ಏ ಕಾನಡೀ! ಮುರ್ದಾ ಹಿಲ್ತಾ ಹೈ ಕ್ಯಾ?"

ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ತಲಾಠಿ ನಕ್ಕ. ಅವನು ಈ ಊರುಗಳ ಜಮೀನಿನ ದಾಖಲೆ ಇಡುವವನು. ಅವನ ಕೈಯಲ್ಲಿದ್ದ ಮೊಬೈಲಿನಲ್ಲಿ ನಕ್ಷೆ ಇತ್ತು. ನಾನು ಹೆಣದ ಹಾಗೆ ಅಲ್ಲಾಡದೆ ಮಲಗಿದೆ.

ಹತ್ತಡಿ ಆಚೆ ಚಂದ್ರಬಾಯಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ಹಿಂದಿನ ಮಧ್ಯಾಹ್ನ ಇದೇ ಮಣ್ಣಿನಲ್ಲಿ, ಹೀಗೆಯೇ ತಲೆಯನ್ನು ನಾಲಾ ಕಡೆ ಹಾಕಿ, ಅವಳ ಗಂಡ ಸಾಬಣ್ಣ ಸತ್ತಿದ್ದ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದಳು.

"ಎಡಗಾಲು ಹಂಗ ಇದ್ದಿಲ್ಲ," ಅಂದಳು. "ಮಡಚಿತ್ತು."

ನಾನು ಎಡಗಾಲು ಮಡಚಿದೆ.

"ಇನ್ನಾ ಒಳಗ."

ಇನ್ನೂ ಒಳಗೆ ಮಡಚಿದೆ. ಹವಾಲ್ದಾರ ಅದರ ಸುತ್ತಲೂ ಸುಣ್ಣ ಎಳೆದು ಫೋಟೊ ತೆಗೆದ. ತಲಾಠಿ ಟೇಪಿನ ಒಂದು ತುದಿಯನ್ನು ನನ್ನ ನೆತ್ತಿಗೆ ಒತ್ತಿ ಹಿಡಿದು, ಇನ್ನೊಂದನ್ನು ನಾಲೆಯ ಅಂಚಿನವರೆಗೆ ಎಳೆದುಕೊಂಡು ಹೋದ. ಹನ್ನೊಂದು ಅಡಿ ಎರಡು ಇಂಚು. ಅವನು ಮೊಬೈಲಿನ ನಕ್ಷೆಯನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹವಾಲ್ದಾರನಿಗೆ ತೋರಿಸಿದ. ನಾಲೆಯ ನಟ್ಟನಡುವೆ ಗಡಿ. ಆ ದಂಡೆ ನಿಂಬಶೇತ್, ಥಾಣೆ ಜಿಲ್ಲೆ. ಈ ದಂಡೆ ಕರಂಜವಾಡಿ, ರಾಯಗಡ ಜಿಲ್ಲೆ. ನಾನು ಸತ್ತು ಬಿದ್ದಿದ್ದು ರಾಯಗಡದಲ್ಲಿ.

"ಗಿರಾ ಉಧರ್, ಮರಾ ಇಧರ್," ಹವಾಲ್ದಾರ ಉಗುಳಿದ. ಅವನು ಈ ದಂಡೆಯ ಸ್ಟೇಷನ್ನಿನವನು. "ಸಾಲಾ ದೋ ಜಿಲ್ಹೇ ಮೇ ಮರಾ ಹೈ ತುಮ್ಹಾರಾ ಆದ್ಮೀ. ಆಧಾ ಆಧಾ ಬಾಂಟ್ ಲೇಂ ಕ್ಯಾ?"

ಅರ್ಧರ್ಧ ಹಂಚಬೇಕಾದ ಹೆಣವಾಗಿ ಮಲಗಿದ್ದ ನನಗೆ ಏಳಲು ಯಾರೂ ಹೇಳಲಿಲ್ಲ. ಅವರು ಜೀಪು ಹತ್ತಿ ಹೋದ ಮೇಲೆ ನಾನೇ ಎದ್ದೆ. ಸುಣ್ಣದ ಗೆರೆಯ ಒಳಗೆ ಏನೂ ಇರಲಿಲ್ಲ.

*

ನಾಲೆಯ ಆ ದಂಡೆಯಲ್ಲಿ ಇಪ್ಪತ್ತೆರಡು ಮಹಡಿಯ ಕಟ್ಟಡ ಏಳುತ್ತಿದೆ. ಈಗ ಐದಕ್ಕೆ ಬಂದಿದೆ. ನಾವು ಒಂಬತ್ತು ಜನ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತೇವೆ. ಸ್ಲ್ಯಾಬಿಗೆ ಹಲಗೆ ಕಟ್ಟುವುದು, ಕಾಂಕ್ರೀಟು ಒಣಗಿದ ಮೇಲೆ ಹಲಗೆ ಬಿಚ್ಚುವುದು. ಆ ದಿನ ಊಟದ ನಂತರ ಸಾಬಣ್ಣ ನಾಲ್ಕನೆಯ ಮಹಡಿಯ ಅಂಚಿನಲ್ಲಿ ಹಲಗೆ ಬಿಚ್ಚುತ್ತಿದ್ದ. ಅಂಚಿಗೆ ಕಟ್ಟಬೇಕಾದ ಬಲೆಯನ್ನು ಎರಡು ದಿನದ ಹಿಂದೆ ಬಿಚ್ಚಿ ಹಿಂದಿನ ವಿಂಗಿಗೆ ಒಯ್ದಿದ್ದರು. ಅಲ್ಲಿ ಫ್ಲ್ಯಾಟು ನೋಡಲು ಜನ ಬರುವವರಿದ್ದರು.

ಹಲಗೆಯ ಜೊತೆ ಅವನೂ ಬಂದ. ಕೆಳಗೆ ಪಾರ್ಕಿಂಗಿನ ಹೊಸ ಕಾಂಕ್ರೀಟು.

ನಾನು ಓಡಿ ಹೋದಾಗ ಉಸಿರು ಇತ್ತು. ಕಣ್ಣು ತೆರೆದಿತ್ತು. ಕಿವಿಯಿಂದ ರಕ್ತ ಬರುತ್ತಿತ್ತು. ಸೂಪರ್‌ವೈಸರ್ ಗೇಟಿಗೆ ಬೀಗ ಹಾಕಿಸಿದ. ಕಂಪನಿಯ ಗಾಡಿ ಬರುತ್ತದೆ, ಯಾರೂ ಹೊರಗೆ ಹೋಗಬಾರದು, ಯಾರೂ ಫೋನ್ ಹಚ್ಚಬಾರದು ಅಂದ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಗಾಡಿ ಬರಲಿಲ್ಲ. ಸಾಬಣ್ಣನ ಉಸಿರು ಗೊರಗೊರ ಅನ್ನತೊಡಗಿತು. ಆ ಸದ್ದು ನಮಗೆಲ್ಲ ಗೊತ್ತಿರುವ ಸದ್ದು.

ಚಂದ್ರಬಾಯಿ ಮರಳಿನ ಬುಟ್ಟಿಯನ್ನು ಅಲ್ಲೇ ಚೆಲ್ಲಿ ಬಂದವಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳು ಒಮ್ಮೆ ಸುತ್ತ ನೋಡಿದಳು. ಎಲ್ಲಿ ನೋಡಿದರೂ ಕಾಂಕ್ರೀಟು, ಜಲ್ಲಿ, ಕಬ್ಬಿಣ.

"ಎತ್ರಿ," ಅಂದಳು. "ಈ ಸಿಮೆಂಟಿನ ಮ್ಯಾಲ ಬ್ಯಾಡ. ಮಣ್ಣಿಗಿ ತರ್ರಿ."

ನಮ್ಮ ಕೇರಿಯಲ್ಲಿ ಜೀವ ಹೋಗುವವರನ್ನು ಹೊರಸಿನ ಮೇಲೆ ಬಿಡುವುದಿಲ್ಲ. ಕೆಳಗಿಳಿಸಿ ನೆಲಕ್ಕೆ ಮಲಗಿಸುತ್ತಾರೆ. ಬೆನ್ನಿಗೆ ಮಣ್ಣು ತಾಗಬೇಕು, ತುಟಿಗೆ ನೀರು ತಾಗಬೇಕು. ಹಾಗಾಗದೆ ಹೋದವನು ಎಲ್ಲಿಗೂ ಹೋಗದೆ ನಡುವೆ ನಿಲ್ಲುತ್ತಾನೆ ಅನ್ನುತ್ತಾರೆ. ಇದನ್ನು ನಮಗೆ ಯಾರೂ ಕೂಡಿಸಿ ಕಲಿಸಿದ್ದಲ್ಲ. ಅವಳು ಎತ್ರಿ ಅಂದಳು, ನಾಲ್ವರು ಎತ್ತಿದೆವು. ನಾನು ಕಾಲು ಹಿಡಿದೆ. ಹಿಂದಿನ ಗೋಡೆಯ ಸಂದಿಯಿಂದ ಹೊರಗೆ ಬಂದು, ನಾಲೆಗೆ ಅಡ್ಡ ಹಾಕಿದ್ದ ಎರಡು ಹಲಗೆಯ ಮೇಲೆ ದಾಟಿ, ಆಚೆ ದಂಡೆಯ ಮಣ್ಣಿಗೆ ಮಲಗಿಸಿದೆವು. ಗೋಡೆಯಿಂದ ಇಪ್ಪತ್ತು ಹೆಜ್ಜೆ. ಚಂದ್ರಬಾಯಿ ಬಿಸ್ಲೆರಿ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿದಳು. ನೀರು ಹೊರಗೆ ಹರಿಯಿತು. ಸಾಬಣ್ಣ ಸತ್ತ.

ಆ ಇಪ್ಪತ್ತು ಹೆಜ್ಜೆಯಲ್ಲಿ ಒಂದು ಜಿಲ್ಲೆ ಮುಗಿದು ಇನ್ನೊಂದು ಶುರುವಾಗಿತ್ತು. ನಮಗೆ ಗೊತ್ತಿರಲಿಲ್ಲ. ಸೂಪರ್‌ವೈಸರನಿಗೆ ಗೊತ್ತಿತ್ತು. ನಾವು ನಾಲಾ ದಾಟುವುದನ್ನು ಅವನು ನಿಂತು ನೋಡಿದ, ತಡೆಯಲಿಲ್ಲ. ನಾವು ಹಿಂದಿರುಗುವ ಹೊತ್ತಿಗೆ ಇಬ್ಬರು ಪೈಪು ಹಿಡಿದು ಪಾರ್ಕಿಂಗಿನ ಕಾಂಕ್ರೀಟು ತೊಳೆಯುತ್ತಿದ್ದರು.

*

"ಜಿಲ್ಹಾ?"

"ಯಾದಗಿರಿ, ಸಾಬ್."

"ಆಧಾರ್ ಪರ್ ಗುಲ್ಬರ್ಗಾ ಲಿಖಾ ಹೈ."

"ಪೆಹಲೇ ಗುಲ್ಬರ್ಗಾ ಥಾ, ಸಾಬ್. ಬಾದ್ ಮೇ ಯಾದಗಿರಿ ಹುವಾ."

"ತಾಲುಕಾ?"

"ವಡಗೇರಾ."

"ಆಧಾರ್ ಪರ್ ಶಹಾಪುರ ಹೈ."

"ಪೆಹಲೇ ಶಹಾಪುರ ಥಾ."

ಇದು ಥಾಣೆ ಕಡೆಯ ಸ್ಟೇಷನ್. ಸುಣ್ಣದ ಗೆರೆ ಎಳೆದ ದಿನದ ಮಧ್ಯಾಹ್ನ. ಫೌಜದಾರ ಸಾಬಣ್ಣನ ಕಾರ್ಡನ್ನು ಟೇಬಲ್ಲಿನ ಮೇಲೆ ಇಸ್ಪೀಟು ಎಲೆಯ ಹಾಗೆ ಹಾಕಿದ. ಗೋಡೆಯ ಪಕ್ಕ ಬೆಂಚು ಇತ್ತು. ಚಂದ್ರಬಾಯಿ ಅದರ ಅಂಚಿಗೆ ಕೂರಲು ಹೋದಾಗ ಬಾಗಿಲಲ್ಲಿದ್ದ ಪೇದೆ, "ಏ ಬಾಯೀ, ಖಾಲೀ ಬಸ್. ಸಿಮೆಂಟ್ ಲಾಗತಂಯ್ ಬೆಂಚಾಲಾ," ಅಂದಿದ್ದ. ಬೆಂಚಿಗೆ ಸಿಮೆಂಟು ಹತ್ತಬಾರದೆಂದು ಅವಳು ನೆಲದ ಮೇಲೆ ಕೂತಿದ್ದಳು.

"ತುಮ್ಹಾರಾ ಗಾಂವ್ ಚಲ್ತಾ ಹೈ ಕ್ಯಾ ರೇ?" ಫೌಜದಾರ ಕೇಳಿದ. "ಪೈರ್ ಲಗೇ ಹೈಂ ಗಾಂವ್ ಕೋ?"

ಊರಿಗೆ ಕಾಲು ಬಂದಿರಲಿಲ್ಲ. ನನ್ನ ಅಜ್ಜ ನಿಜಾಮನ ಸೀಮೆಯಲ್ಲಿ ಹುಟ್ಟಿದ. ಅಪ್ಪ ಮೈಸೂರು ರಾಜ್ಯದ ಗುಲಬರ್ಗಾ ಜಿಲ್ಲೆಯಲ್ಲಿ ಹುಟ್ಟಿದ. ನಾನು ಕರ್ನಾಟಕದ ಗುಲಬರ್ಗಾದಲ್ಲಿ, ನನ್ನ ಮಗಳು ಯಾದಗಿರಿ ಜಿಲ್ಲೆಯಲ್ಲಿ. ನಾಲ್ವರೂ ಹುಟ್ಟಿದ್ದು ಒಂದೇ ಗುಡಿಸಲಿನ ಒಂದೇ ಮೂಲೆಯಲ್ಲಿ. ಹೊಸ ಜಿಲ್ಲೆ ಮಾಡಿದಾಗ ಪಟಾಕಿ ಹೊಡೆದರು. ಹೊಸ ತಾಲೂಕು ಮಾಡಿದಾಗ ಪೇಢೆ ಹಂಚಿದರು. ಆಫೀಸುಗಳು ಹತ್ತಿರ ಬಂದವು ಅಂದರು. ಕೇರಿ ಮಾತ್ರ ಊರಿನಿಂದ ಎಷ್ಟು ದೂರ ಇತ್ತೋ ಅಷ್ಟೇ ದೂರ ಉಳಿಯಿತು.

ಇಲ್ಲಿಯೂ ಅದೇ. ನಾವಿರುವ ತಗಡಿನ ಶೆಡ್ಡುಗಳು ನಿಂಬಶೇತಿನಲ್ಲಿವೆ. ನಿಂಬಶೇತ್ ಹಿಂದೊಮ್ಮೆ ಮಹಾನಗರಪಾಲಿಕೆಗೆ ಸೇರಿತ್ತಂತೆ. ಆಮೇಲೆ ಊರವರು ತೆರಿಗೆ ಒಲ್ಲೆವೆಂದು ಗಲಾಟೆ ಮಾಡಿದ್ದಕ್ಕೆ ಬಿಟ್ಟರಂತೆ. ಈಗ ಮತ್ತೆ ಸೇರಿಸುತ್ತಾರಂತೆ. ನೀರಿನ ಟ್ಯಾಂಕರಿನ ಡ್ರೈವರು ಶೆಡ್ಡುಗಳವರೆಗೆ ಬರುವುದಿಲ್ಲ. ನಿಮ್ಮ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಅನ್ನುತ್ತಾನೆ.

ಫೌಜದಾರ ಕೆಟ್ಟವನಲ್ಲ. ಚಹಾ ತರಿಸಿದ, ನನಗೂ ಒಂದು ಕೊಡಿಸಿದ. ತನ್ನ ಊರು ಜವ್ಹಾರ ಕಡೆ, ಥಾಣೆ ಜಿಲ್ಲೆಯನ್ನು ಕೊಯ್ದು ಪಾಲ್ಘರ ಮಾಡಿದಾಗ ಅದು ಆ ಕಡೆ ಹೋಯಿತು, ಅಪ್ಪನ ಜಮೀನಿನ ಒಂದು ಕಾಗದಕ್ಕೆ ತಾನೇ ಎರಡು ಜಿಲ್ಲೆ ಓಡಾಡಿದ್ದೇನೆ ಅಂದ. ಆಮೇಲೆ ಕಾರ್ಡನ್ನು ನನ್ನ ಕಡೆ ಸರಿಸಿದ.

"ಬಾಡೀ ಕಿಧರ್ ಮಿಲೀ? ರಾಯಗಡ ಮೇ. ಕೇಸ್ ಉನ್‌ಕಾ. ಮೈ ಹಾಥ್ ನಹೀಂ ಲಗಾವೂಂಗಾ."

"ಸಾಬ್, ಬಿದ್ದಿದ್ದು ಈ ಕಡೆ. ಗಿರಾ ಇಧರ್."

"ಕೌನ್ ದೇಖಾ?"

"ಹಮ್ ಸಬ್ ದೇಖಾ."

"ಲಿಖ್‌ಕೇ ದಿಯಾ?"

ಬರೆದು ಕೊಟ್ಟಿದ್ದೀಯಾ ಅಂದವನ ಎದುರಿನಿಂದ ನಾನು ಕಾರ್ಡು ಎತ್ತಿಕೊಂಡೆ. ಚಂದ್ರಬಾಯಿ ಕೆಳಗಿನಿಂದ ನನ್ನ ಪ್ಯಾಂಟು ಜಗ್ಗಿದಳು. "ಏನಂತಾನೋ ಮೌನೇಶ?"

"ಆ ಕಡಿ ಹೋಗ್ರಿ ಅಂತಾನ."

"ಆ ಕಡಿಯಂವ ಈ ಕಡಿ ಅಂದ."

"ಹೌದು."

"ಹಂಗಾರ ಹೆಣ ಯಾರ ಕಡಿ ಅದಪಾ?"

*

ಹೆಣ ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿತ್ತು. ಯಾವುದಾದರೂ ಒಂದು ಸ್ಟೇಷನ್ನಿನ ಕಾಗದ ಬರುವವರೆಗೆ ಕೊಡುವಂತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೇ ನಾವಿಬ್ಬರು ಅದರ ಹಿಂದಿನ ಬಾಗಿಲಿನ ಎದುರು ಕೂತಿದ್ದೆವು. ಉಳಿದವರು ಬಂದಿರಲಿಲ್ಲ. ಬಂದವರ ಹೆಸರು ಬರೆದುಕೊಳ್ಳುತ್ತೇನೆ ಎಂದು ಸೂಪರ್‌ವೈಸರ್ ಹೇಳಿದ್ದ. ಬಾಗಿಲಿನವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊರಗೆ ಬಂದ. ಚಂದ್ರಬಾಯಿ ಎದ್ದು ನಿಂತಳು.

"ಮುಖಾ ಒಮ್ಮಿ ತೋರಸ್ರಿ ಯಪ್ಪಾ."

ನಾನು ಹಿಂದಿಯಲ್ಲಿ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಥಂಡಿ ಮಶೀನು ನಿಂತು ಎರಡು ದಿನ ಆಗಿದೆ, ನಾಳೆ ಬೆಳಗಾದ ಮೇಲೆ ತಾನೂ ಒಳಗೆ ಹೋಗುವುದಿಲ್ಲ, ಇವತ್ತೇ ಕಾಗದ ತನ್ನಿ ಅಂದ. ಇಲ್ಲದಿದ್ದರೆ ಲಾವಾರಿಸ್, ವಾರಸುದಾರರಿಲ್ಲದ ಹೆಣ, ಎಂದು ಬರೆದು ವಿದ್ಯುತ್ ಭಟ್ಟಿಗೆ ಹಾಕುತ್ತಾರೆ.

"ಬೀವೀ ಇಧರ್ ಬೈಠೀ ಹೈ," ನಾನೆಂದೆ. "ಲಾವಾರಿಸ್ ಕೈಸಾ?"

"ಪೇಪರ್ ನಹೀಂ ತೋ ಲಾವಾರಿಸ್."

ನಾವು ಸುಡುವವರಲ್ಲ, ಹೂಳುವವರು. ಭಟ್ಟಿಯ ಮಾತನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಲಿಲ್ಲ. ಅವಳಿಗೆ ಅಷ್ಟು ಹಿಂದಿ ಬರುತ್ತಿತ್ತು.

ಫೋನು ಬಂತು. ಊರಿನಿಂದ ಸಾಬಣ್ಣನ ತಮ್ಮ. ಅವಳು ಸ್ಪೀಕರಿನಲ್ಲಿ ಇಟ್ಟಳು, ಅವಳ ಫೋನು ಕಿವಿಗೆ ಹಿಡಿದರೆ ಕೇಳಿಸುತ್ತಿರಲಿಲ್ಲ.

"ವೈನಿ, ಕುಣಿ ಮೊನ್ನಿಯೇ ತೋಡಿಟ್ಟೀವಿ. ಖಾಲಿ ಕುಣಿ ಬಾಯಿ ತಕ್ಕೊಂಡು ಕುಂತದ. ಹಂಗ ಬಿಡಬಾರ್ದು, ಇನ್ನೊಂದು ಜೀವಾ ಕೇಳ್ತದಂತ ಮುದುಕರು ಒದರ್ಲಕತ್ತಾರ. ಅವ್ವ ಕುಣಿ ದಂಡಿ ಬಿಟ್ಟು ಏಳವಲ್ಲಳು, ಎರಡು ದಿನ ಆಯ್ತು, ನೀರ ಸೈತ ಮುಟ್ಟಿಲ್ಲ. ಯಾವಾಗ ತರ್ತೀರಿ?"

"ತರ್ತೀವಿ."

"ಇವತ್ತು ಬಿಡ್ತೀರಾ ಇಲ್ಲೋ?"

"ತರ್ತೀವಂದ್ನೆಲ್ಲೋ."

ಅವಳು ಫೋನು ಇಟ್ಟು ಕಾಲಿನ ಹೆಬ್ಬೆರಳಿಗೆ ಅಂಟಿದ್ದ ಸಿಮೆಂಟಿನ ಸಿಪ್ಪೆಯನ್ನು ಉಗುರಿನಿಂದ ಕೆರೆಯುತ್ತ ಕೂತಳು. ಬಹಳ ಹೊತ್ತು ಕೆರೆದಳು.

*

ಹನ್ನೊಂದರ ಸುಮಾರಿಗೆ ಬಿಳಿ ಕಾರು ಬಂತು. ಅದರ ಹಿಂದೆ ಒಂದು ಆಂಬುಲೆನ್ಸು. ಕಾರಿನಿಂದ ಇಳಿದ ಹುಡುಗಿ ಕುತ್ತಿಗೆಗೆ ಕಂಪನಿಯ ಕಾರ್ಡು ಹಾಕಿಕೊಂಡಿದ್ದಳು. ಅವಳ ಜೊತೆ ಇಳಿದವರನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ಡೊಂಬಿವಲಿ ಪೂರ್ವದ ಹೋಟೆಲಿನ ಮಧ್ವರಾಜ ಅಣ್ಣ. ಉಡುಪಿ ಕಡೆಯವರು. ಕೆಲಸ ಇಲ್ಲದ ದಿನಗಳಲ್ಲಿ ನಾವು ಬೆಳಿಗ್ಗೆ ಕೂಲಿಗೆ ನಿಲ್ಲುವ ನಾಕಾ ಅವರ ಹೋಟೆಲಿನ ಎದುರಿಗೇ ಇದೆ. ಎಂಟು ಗಂಟೆಗೆ ಗಿರಾಕಿಗಳು ಬರುವ ಹೊತ್ತಿಗೆ ಅವರು ತಾವೇ ಬಕೆಟು ತಂದು ಮೆಟ್ಟಿಲಿಗೆ ನೀರು ಹೊಡೆಯುತ್ತಾರೆ, ನಾವು ಸರಿಯಲಿ ಎಂದು. ನಮಗೆ ಚಹಾ ಹಿಂದಿನ ಬಾಗಿಲಲ್ಲಿ, ಕಾಗದದ ಕಪ್ಪಿನಲ್ಲಿ. ನಿಂಬಶೇತಿನಲ್ಲಿ ನಾವು ಕಟ್ಟುತ್ತಿರುವ ಕಟ್ಟಡದ ಕೆಳಗೆ ಅವರ ಹೊಸ ಹೋಟೆಲು ಬರಲಿದೆ. ಬೋರ್ಡು ಈಗಾಗಲೇ ಹಾಕಿದ್ದಾರೆ.

"ನಮಸ್ತೆ ಅಮ್ಮ," ಹುಡುಗಿ ಕೈಮುಗಿದಳು. "ನಾನು ಹರ್ಷಿತಾ. ಕಂಪನಿ ಕಡೆಯಿಂದ ಬಂದಿದ್ದೀನಿ. ನಾನೂ ಕನ್ನಡದವಳೇ, ಮೈಸೂರು. ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ."

"ಹೌದೇನವ್ವಾ," ಚಂದ್ರಬಾಯಿ ಅಂದಳು. "ಇಷ್ಟು ಛಲೋ ಗಾಡಿ ಅದಲ್ಲ ನಿಮ್ದು. ಆವತ್ತ ಎಲ್ಲಿತ್ತು?"

ಹರ್ಷಿತಾ ಮಧ್ವರಾಜರ ಮುಖ ನೋಡಿದಳು. ಅವರು ಕೈಯಲ್ಲಿದ್ದ ಇಡ್ಲಿಯ ಪಾರ್ಸೆಲ್ಲನ್ನು ನಮ್ಮ ಪಕ್ಕದ ಕಟ್ಟೆಯ ಮೇಲೆ ಇಟ್ಟರು. "ಮೊದಲು ಎಂತಾದ್ರೂ ತಿನ್ನು ಮಾರಾಯ್ತಿ. ಹೊಟ್ಟೆ ಖಾಲಿ ಇಟ್ಟುಕೊಂಡು ಎಂತ ಮಾತಾಡುದು? ನಾವೆಲ್ಲ ಒಂದೇ ಅಲ್ಲವಾ, ಕನ್ನಡದವರು. ನಮ್ಮವರಿಗೆ ನಾವು ಅಲ್ಲದೆ ಮತ್ತೆ ಯಾರು ಆಗುದು?"

ಯಾರೂ ಪಾರ್ಸೆಲ್ಲು ಬಿಚ್ಚಲಿಲ್ಲ.

ಹರ್ಷಿತಾ ಫೈಲಿನಿಂದ ಒಂದು ಹಾಳೆ ತೆಗೆದಳು. ರಾಯಗಡ ಕಡೆಯ ಸ್ಟೇಷನ್ನಿನ ಜೊತೆ ಮಾತಾಗಿದೆ. ಇದಕ್ಕೆ ಹೆಂಡತಿಯ ಹೆಬ್ಬೆಟ್ಟು ಬಿದ್ದರೆ ಅವರು ತಮ್ಮಲ್ಲೇ ಬರೆದುಕೊಳ್ಳುತ್ತಾರೆ, ಒಂದು ಗಂಟೆಯಲ್ಲಿ ಬಾಡಿ ಸಿಗುತ್ತದೆ. ಆಂಬುಲೆನ್ಸಿನಲ್ಲಿ ಐಸ್ ಇದೆ. ದಾರಿಯ ಪರ್ಮಿಟ್ಟು, ಡೆತ್ ಸರ್ಟಿಫಿಕೇಟು, ಎಲ್ಲ ಕಂಪನಿಯೇ ನೋಡಿಕೊಳ್ಳುತ್ತದೆ.

"ಏನ್ ಬರದದ ಅದರಾಗ?"

"ಏನಿಲ್ಲ ಅಮ್ಮ, ನಾಲಾ ಈಚೆ ತೀರಿಕೊಂಡ್ರು ಅಂತ. ಅದು ನಿಜಾನೇ ಅಲ್ವಾ? ಮೌನೇಶ್ ಅವರು ಮೊದಲನೇ ದಿನಾನೇ ಹಾಗಂತ ಸ್ಟೇಟ್‌ಮೆಂಟ್ ಕೊಟ್ಟು ಸೈನ್ ಮಾಡಿದ್ದಾರಲ್ಲ. ನೀವು ಅದನ್ನ ಹೌದು ಅನ್ನೋದು, ಅಷ್ಟೇ."

ಚಂದ್ರಬಾಯಿ ನನ್ನ ಕಡೆ ತಿರುಗಿದಳು.

"ಏನ್ ಬರಕೊಟ್ಟಿದಿ?"

"ಎಲ್ಲಿ ಸತ್ತ ಅಂತ ಹವಾಲ್ದಾರ ಕೇಳ್ದ. ಇಲ್ಲಿ ಅಂದೆ."

"ಎಲ್ಲಿ ಬಿದ್ದ ಅಂತ ಹೇಳಿಲ್ಲ?"

"ಕೇಳಿಲ್ಲ."

"ಕೇಳಿಲ್ಲಂದ್ರ ಹೇಳಂಗಿಲ್ಲ?" ಅವಳು ಎದ್ದಳು. "ಸಾಲಿ ಕಲತಂವ ಅಂತ ನಿನ್ನ ಜೋಡಿ ಕರಕೊಂಡು ತಿರುಗಿದ್ನೆಲ್ಲೋ. ನಿನ್ನ ಬಾಯಾಗ ಮಣ್ಣ ಹಾಕ, ಸೂಳೆಮಗನ. ಅಂವನ ಕಾಲ ಹಿಡದಂವ ನೀ. ನಾಕು ಮಹಡಿ ಮ್ಯಾಲಿಂದ ಬಂದಂವ ಅಂತ ಒಂದು ಮಾತ ಹೊರಗ ಬರಲಿಲ್ಲೇನೋ ನಿನ್ನ ಹಲ್ಕಟ್ ಬಾಯಾಗಿಂದ?"

ಸಾಬಣ್ಣ ಸತ್ತ ದಿನ ಹವಾಲ್ದಾರ ಕೇಳಿ ಬರೆದುಕೊಂಡಾಗ ಸೂಪರ್‌ವೈಸರ್ ಅವನ ಹಿಂದೆಯೇ ನಿಂತಿದ್ದ. ನಾನು ಕೇಳಿದಷ್ಟು ಹೇಳಿದೆ. ನಿಜವನ್ನೇ ಹೇಳಿದೆ.

"ಬೈಬೇಡಿ ಅಮ್ಮ, ಅವರ ತಪ್ಪೇನೂ ಇಲ್ಲ," ಹರ್ಷಿತಾ ಅಂದಳು. ಅವಳ ದನಿ ಮೆತ್ತಗೇ ಇತ್ತು. "ಇನ್ನೊಂದು ವಿಷಯ ಹೇಳ್ಬೇಕು. ನಿಮಗೆ ಹೆದರಿಸೋಕೆ ಅಲ್ಲ, ಪ್ಲೀಸ್. ಬಿದ್ದಿದ್ದು ಸೈಟಲ್ಲಿ ಅಂತಾನೇ ನೀವು ಹಟ ಹಿಡಿದ್ರೆ, ಬಿದ್ದವರನ್ನ ಅಲ್ಲಿಂದ ಎತ್ತಿದ್ದು ಯಾರು ಅನ್ನೋ ಪ್ರಶ್ನೆ ಬರುತ್ತೆ. ಕಂಪನಿ ಗಾಡಿ ದಾರಿಯಲ್ಲಿತ್ತು. ಅಂಥ ಗಾಯ ಆದವರನ್ನ ಅಲ್ಲಾಡಿಸಬಾರದು ಅಂತ ಡಾಕ್ಟ್ರು ಯಾರಾದರೂ ಹೇಳ್ತಾರೆ. ಎತ್ತಿ ಅಂತ ಹೇಳಿದ್ದು ನೀವಂತೆ."

"ನಾನೇ ಅಂದೀನಿ."

"ಹಾಗಾದ್ರೆ ಕೇಸು ನಿಮ್ಮ ಮೇಲೂ ಆಗಬಹುದು. ಎತ್ತಿದ ನಾಲ್ಕು ಜನರ ಮೇಲೂ."

ಮಧ್ವರಾಜರು ಚಪ್ಪಲಿಯಿಂದ ನೆಲ ಕೆರೆದರು. "ಅದನ್ನು ಈಗ ಯಾಕೆ ಹೇಳುದು ಹರ್ಷಿತಾ? ಪಾಪ." ಆಮೇಲೆ ಚಂದ್ರಬಾಯಿಗೆ, "ಆದರೂ ನೀನು ಹಾಗೆ ಎತ್ತಿಸಬಾರದಿತ್ತು ಮಾರಾಯ್ತಿ. ಎಂತ ಮೂಢನಂಬಿಕೆ ಅದು? ಹತ್ತು ನಿಮಿಷ ಸುಮ್ಮನೆ ಬಿಟ್ಟಿದ್ದರೆ ಗಾಡಿ ಬರ್ತಿತ್ತು. ಬದುಕುತ್ತಿದ್ದನೋ ಏನೋ."

ಚಂದ್ರಬಾಯಿ ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಅಂಗೈಯನ್ನು ನೆಲಕ್ಕೆ ಊರಿದಳು. ಎರಡು ರಾತ್ರಿ ಅವಳು ಇದನ್ನೇ ತನಗೆ ತಾನೇ ಕೇಳಿಕೊಂಡಿದ್ದಳು ಎಂದು ನನಗೆ ಗೊತ್ತು. ತಗಡಿನ ಆ ಕಡೆಯಿಂದ ನನಗೆ ಕೇಳಿಸಿತ್ತು. ಎತ್ರಿ ಅಂದ್ನೆಲ್ಲೋ ಯಪ್ಪಾ, ನಾನೇ ಎತ್ರಿ ಅಂದ್ನೆಲ್ಲ.

ಆಂಬುಲೆನ್ಸಿನ ಡ್ರೈವರು ಎಂಜಿನ್ನು ಚಾಲೂ ಇಟ್ಟೇ ಕೂತಿದ್ದ. ಹಿಂದಿನ ಬಾಗಿಲಿನ ಸಂದಿಯಿಂದ ಐಸಿನ ನೀರು ಡಾಂಬರಿಗೆ ಸೋರುತ್ತಿತ್ತು.

"ಓದು," ಅವಳು ನೆಲ ನೋಡುತ್ತಲೇ ಅಂದಳು.

"ಆಂ?"

"ಆ ಕಾಗದ ಓದೋ. ಪೂರಾ ಓದು. ಈ ಸಾರಿ ಕೇಳೀನಿ."

ಹರ್ಷಿತಾ, "ನಾನೇ ಹೇಳಿದ್ನಲ್ಲ ಅಮ್ಮ,"  ಅಂದಳು. ನಾನು ಅವಳ ಕೈಯಿಂದ ಹಾಳೆ ತೆಗೆದುಕೊಂಡೆ. ಮರಾಠಿಯಲ್ಲಿತ್ತು. ಶಾಲೆಯಲ್ಲಿ ಕಲಿತ ಹಿಂದಿ ಅಕ್ಷರದ ಬಲದ ಮೇಲೆ ಒಂದೊಂದೇ ಪದ ಕೂಡಿಸಿ ಓದಿದೆ. ಸಾಬಣ್ಣನ ಹೆಸರು. ವಯಸ್ಸು ಮೂವತ್ತೆಂಟು. ಮೌಜೆ ಕರಂಜವಾಡಿ, ತಾಲುಕಾ ಪನವೇಲ, ಜಿಲ್ಹಾ ರಾಯಗಡ. ಆಮೇಲಿನ ಸಾಲಿನಲ್ಲಿ ನಾನು ನಿಂತೆ.

"ಯಾಕ ನಿಂತಿ?"

"ಶೌಚಾಸ ಗೇಲಾ ಅಸತಾ," ನಾನು ಓದಿದೆ. "ಚಕ್ಕರ ಯೇಊನ ಪಡೂನ ಮಯತ."

"ಕನ್ನಡದಾಗ ಹೇಳು."

"ಸಂಡಾಸಕ್ಕ ಹೋದಾಗ ಚಕ್ಕರ ಬಂದು ಬಿದ್ದು ಸತ್ತ, ಅಂತ."

ಚಂದ್ರಬಾಯಿ ನಕ್ಕಳು. ಅದು ನಗು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಹೇಲಾಕ ಹೋಗಿ ಸತ್ತ," ಅಂದಳು. "ನನ್ನ ಗಂಡ."

"ಅದು ಫಾರ್ಮಾಲಿಟಿ ಅಮ್ಮ," ಹರ್ಷಿತಾ ಅವಸರವಾಗಿ ಅಂದಳು. "ಅವರು ನಾಲಾ ಈಚೆ ಯಾಕೆ ಬಂದ್ರು ಅನ್ನೋದಕ್ಕೆ ಒಂದು ಕಾರಣ ಬೇಕಾಗುತ್ತೆ. ಅಷ್ಟಕ್ಕೇ."

"ಯವ್ವಾ, ಅಂವ ಮುಂಜಾನಿ ಐದಕ್ಕ ಹೋಗಿ ಬರ್ತಿದ್ದ. ಮಧ್ಯಾಹ್ನ ಎರಡಕ್ಕ ಹೋಗಂವ ಅಲ್ಲ. ನಿಮ್ಮ ಸೈಟ್‌ನಾಗ ಕೆಲಸ ಬಿಟ್ಟು ಉಚ್ಚಿ ಹೊಯ್ಯಾಕ ಬಿಟ್ಟೀರೇನು ಯಾವತ್ತಾರ?"

"ಕಾಗದದಲ್ಲಿ ಎಂತ ಬರೆದರೆ ಎಂತ ಮಾರಾಯ್ತಿ?" ಮಧ್ವರಾಜರು ಅವಳ ಎದುರು ಬಗ್ಗಿದರು. ಮುಟ್ಟದಷ್ಟು ದೂರದಲ್ಲಿ. "ಇದನ್ನು ಯಾರು ಓದುದು? ಯಾವುದೋ ಕಪಾಟಿನಲ್ಲಿ ಬಿದ್ದಿರ್ತದೆ. ನಿನಗೆ ಬೇಕಾದ್ದು ಗಂಡನ ಶವ. ಹೌದಾ ಅಲ್ಲವಾ? ಅಲ್ಲಿ ಮುದುಕಿ ಕಾಯ್ತಾ ಉಂಟಂತೆ. ನಾಳೆ ಮಧ್ಯಾಹ್ನದ ಒಳಗೆ ನಿಮ್ಮ ಊರಿನಲ್ಲಿ, ನಿಮ್ಮ ಮಣ್ಣಿನಲ್ಲಿ, ನಿಮ್ಮ ಕ್ರಮದಲ್ಲಿ ಎಲ್ಲ ಆಗ್ತದೆ. ಇಲ್ಲದಿದ್ದರೆ ಎಂತ ಆಗ್ತದೆ ಅಂತ ಬಾಗಿಲಿನವ ಹೇಳಿದ್ದಾನಲ್ಲ? ಸುಟ್ಟು ಬಿಡ್ತಾರೆ. ಬೂದಿ ಕೂಡ ಸಿಗುದಿಲ್ಲ. ಯೋಚನೆ ಮಾಡು. ಪರಿಹಾರದ ಮಾತು ಆಮೇಲೆ ನಾನೇ ನೋಡಿಕೊಳ್ತೇನೆ."

ಅವರು ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ. ನಾನು ಮನಸ್ಸಿನಲ್ಲಿ ಅವಳಿಗೆ ಹಾಕು ಅಂತಲೇ ಹೇಳುತ್ತಿದ್ದೆ. ಹಾಕು ಚಂದ್ರಬಾಯಿ. ಹಾಕಿಬಿಡು. ಒಯ್ಯೋಣ. ನನ್ನ ಸಹಿಯ ಪಕ್ಕ ನಿನ್ನ ಹೆಬ್ಬೆಟ್ಟು ಬಿದ್ದರೆ ನನ್ನ ಸಹಿಯ ಭಾರ ಕಡಿಮೆ ಆಗುತ್ತದೆ.

"ಅಲ್ಲಿ ಬಿದ್ದ ಅಂತ ಬರೀತೀರೇನು?" ಅವಳು ಕೇಳಿದಳು.

"ಅದು ಆಗಲ್ಲ ಅಮ್ಮ," ಹರ್ಷಿತಾ ಅಂದಳು.

"ನಾಕನೇ ಮಹಡಿ. ಅಂಚಿಗಿ ಜಾಳಗಿ ಕಟ್ಟಿದ್ದಿಲ್ಲ. ಗೇಟಿಗಿ ಕೀಲಿ ಹಾಕಿದ್ರಿ. ಇಷ್ಟು ಬರೀರಿ. ಮುಂದ ನಾನು ಎತ್ತಿಸೀನಿ ಅಂತ ಬರೀರಿ, ನನ್ನ ಹೆಸರ್ಲೆ. ನಾ ಒಲ್ಲೆ ಅನ್ನಲ್ಲ, ಜೇಲಿಗಿ ಹೋಗ್ತೀನಿ. ಎರಡೂ ಬರೀರಿ."

"ಅಮ್ಮ, ಅದು ಬೇರೆ ಜಿಲ್ಲೆ ಆಗಿಬಿಡುತ್ತೆ."

"ಆಗ್ಲಿ."

ಹರ್ಷಿತಾ ವಾಚು ನೋಡಿಕೊಂಡಳು. ಸಾನಪಾಡಾದಿಂದ ಬೆಳಿಗ್ಗೆ ಬೇಗ ಹೊರಟು ಬಂದಿದ್ದೀನಿ, ಊಟದ ನಂತರ ಆ ಕಡೆಯ ಸಾಹೇಬರು ಸಿಗುವುದಿಲ್ಲ ಎಂದು ಮಧ್ವರಾಜರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಚಂದ್ರಬಾಯಿಯ ಮುಂದೆ ಮಂಡಿಯೂರಿ ಕೂತಳು. ಅವಳ ಬಿಳಿ ಸಲವಾರಿಗೆ ನೆಲದ ಧೂಳು ಹತ್ತಿತು. ಅದನ್ನು ಅವಳು ಲೆಕ್ಕಿಸಲಿಲ್ಲ. ಪರ್ಸಿನಿಂದ ಒದ್ದೆ ಟಿಶ್ಯೂ ತೆಗೆದು ಚಂದ್ರಬಾಯಿಯ ಎಡಗೈ ಹಿಡಿದು ಹೆಬ್ಬೆರಳನ್ನು ಒರೆಸತೊಡಗಿದಳು. ಮಗುವಿನ ಬೆರಳನ್ನು ಒರೆಸುವ ಹಾಗೆ ಒರೆಸಿದಳು. ಟಿಶ್ಯೂ ಬೂದು ಬಣ್ಣಕ್ಕೆ ತಿರುಗಿತು. ಇನ್ನೊಂದು ತೆಗೆದಳು. ಸಿಮೆಂಟು ತಿಂದು ಆ ಬೆರಳಿನ ಚರ್ಮ ನುಣ್ಣಗಾಗಿತ್ತು, ಅಲ್ಲಲ್ಲಿ ಸೀಳಿತ್ತು. ಮಧ್ವರಾಜರು ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಹಿಡಿದರು.

ಶವಾಗಾರದ ಬಾಗಿಲಿನವನು ಆಂಬುಲೆನ್ಸನ್ನು ನೋಡಿ ಕೆಲಸ ಮುಗಿಯಿತೆಂದುಕೊಂಡು ಒಳಗೆ ಹೋಗಿದ್ದ. ಗಾಲಿಯ ಮಂಚವನ್ನು ದೂಡಿಕೊಂಡು ಹೊಸ್ತಿಲವರೆಗೆ ಬಂದ. ಮಂಚದ ಮೇಲೆ ನೀಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದು ಇತ್ತು. ಎಡಗಾಲು ಮಡಚಿದಂತೆಯೇ ಉಳಿದಿದ್ದರಿಂದ ಪ್ಲಾಸ್ಟಿಕ್ಕು ಆ ಕಡೆ ಉಬ್ಬಿತ್ತು. ವಾಸನೆ ನಮ್ಮವರೆಗೆ ಬಂತು. ಮಧ್ವರಾಜರು ಮುಖ ತಿರುಗಿಸಿದರು. ಚಂದ್ರಬಾಯಿ ತಿರುಗಿಸಲಿಲ್ಲ. ಅವಳು ಆ ಉಬ್ಬನ್ನೇ ನೋಡಿದಳು, ಕಣ್ಣು ಮಿಟುಕಿಸದೆ, ನೀರು ತುಂಬಿ ಕೆನ್ನೆಗೆ ಇಳಿಯುವವರೆಗೆ.

"ನೋಡಿ, ಬಂದೇಬಿಟ್ರು," ಹರ್ಷಿತಾ ಪಿಸುಗುಟ್ಟಿದಳು. "ಒಂದೇ ಒಂದು ಹೆಬ್ಬೆಟ್ಟು ಅಮ್ಮ. ಕರ್ಕೊಂಡು ಹೋಗಿ ನಿಮ್ಮವರನ್ನ."

ಚಂದ್ರಬಾಯಿ ಅವಳ ಹಿಡಿತದಿಂದ ಕೈ ಬಿಡಿಸಿಕೊಂಡಳು. ಹೆಬ್ಬೆರಳನ್ನು ಮುಷ್ಟಿಯ ಒಳಗೆ ಮಡಚಿಕೊಂಡಳು.

"ಒಲ್ಲೆ," ಅಂದಳು. "ಹೆಣ ನೀವೇ ಇಟ್ಕೋರಿ."